ಪಕ್ಕದ ಜಾಗ

ಹಾಜಿರಾ ತಮ್ಮ ಕಪ್ಪು ಕೈಚೀಲವನ್ನು ಗಂಡನ ಗೋರಿಯ ಪಕ್ಕದ ಹುಲ್ಲಿನ ಮೇಲಿಟ್ಟು, ಅದರ ಮೇಲೊಂದು ಕಲ್ಲನ್ನೂ ಹೇರಿದರು. ಅಪ್ಪನಿಗೆ ಮಣ್ಣು ಕೊಟ್ಟು ಕೈ ಒರೆಸಿಕೊಳ್ಳುತ್ತಿದ್ದ ಶಾಹಬಾಜ್ ಗಾಬರಿಯಾದ.

"ಅಮ್ಮಿ, ಬ್ಯಾಗ್ ಯಾಕೆ ಅಲ್ಲಿಟ್ರಿ?"

"ಜಾಗ ಹಿಡಿದಿದೀನಿ. ಇದು ನಂದು."

ಮಸೀದಿಯ ಪರವಾಗಿ ಖಬರಸ್ತಾನ ನೋಡಿಕೊಳ್ಳುವ ಒವೈಸ್ ಓಡಿ ಬಂದ. "ಆಂಟಿ, ಇಲ್ಲಿ ರಿಸರ್ವ್ ಮಾಡೋ ಹಾಗಿಲ್ಲ. ಒಬ್ಬರಾದ್ಮೇಲೆ ಒಬ್ಬರು, ಲೈನ್ ಪ್ರಕಾರ. ಇನ್ನೊಂದು ಜನಾಜಾ ಆಗ್ಲೇ ಹೊರಟಿದೆ."

"ಬರ್ಲಿ ಬಿಡಪ್ಪ. ಒಂದು ಜಾಗ ಬಿಟ್ಟು ಆಚೆ ತೋಡಿ. ಐವತ್ತು ವರ್ಷ ಅವರ ಪಕ್ಕ ನಿಂತವಳು, ಈಗ ಎಲ್ಲೋ ಮೂಲೆಗೆ ಹೋಗ್ಲಾ?"

ಒವೈಸ್ ತಲೆ ಕೆರೆದುಕೊಂಡ. ಅಳುವ ಮುದುಕಿಯ ಜೊತೆ ವಾದ ಮಾಡಬಹುದು. ಅಳದೆ ನಿಂತ ಮುದುಕಿಯ ಜೊತೆ ಏನು ಮಾಡುವುದು? ಮೈಸೂರಿನಲ್ಲಾಗಿದ್ದರೆ ಇವರ ಮನೆಯ ಹೆಂಗಸರು ಖಬರಸ್ತಾನದೊಳಗೆ ಕಾಲಿಡುತ್ತಿರಲಿಲ್ಲ. ಇಲ್ಲಿ ಬರಬಹುದು ಅಂದರು, ಹಾಜಿರಾ ಬಂದರು. ಬಂದ ಮೇಲೆ ಒಂದು ಕೆಲಸ ಮುಗಿಸಿಕೊಂಡು ಹೋಗಬಾರದೇ?

ಅಮೆರಿಕದ ಈ ಸುವಾನಿಯಲ್ಲಿ ಪೈನ್ ಮರಗಳು ಹಳದಿ ಪುಡಿ ಉದುರಿಸುವ ಕಾಲ ಅದು. ಕಾರು, ಹುಲ್ಲು, ಗಂಡಸರ ಟೋಪಿ, ಎಲ್ಲದರ ಮೇಲೂ ಅರಿಶಿನ ಜರಡಿ ಹಿಡಿದಂತಿತ್ತು. ಆ ಹಳದಿ ಬಿಸಿಲಿನಲ್ಲಿ ಗೋರಿಗಳ ಸಾಲು ಹಾಜಿರಾರ ಕಣ್ಣಿಗೆ ಮೆಲ್ಲಗೆ ಡಬ್ಬಿಗಳ ಸಾಲಾಗುತ್ತಾ ಬಂತು.

*

ಸಾವಿರದ ಒಂಬೈನೂರ ಎಪ್ಪತ್ನಾಲ್ಕು. ಮೈಸೂರಿನ ಮಂಡಿ ಮೊಹಲ್ಲಾದ ಸೀಮೆಎಣ್ಣೆ ಅಂಗಡಿ. ಜನ ನೆರಳಿನಲ್ಲಿ, ಡಬ್ಬಿಗಳು ಬಿಸಿಲಿನಲ್ಲಿ. ಯಾರ ಡಬ್ಬಿ ಎಲ್ಲಿದೆಯೋ ಅದೇ ಅವರ ಜಾಗ. ಇನ್ನೊಬ್ಬರ ಡಬ್ಬಿ ಮುಟ್ಟಿದವನ ಕತೆ ಮುಗಿಯಿತು ಅಂತಲೇ. ಸಾಲು ಸರಿದಂತೆ ಡಬ್ಬಿಯನ್ನು ಕಾಲಿನಿಂದ ತಳ್ಳಬೇಕು.

ಏನೂ ಸಿಗದ ಆ ದಿನಗಳು ಎಂಥೆಂಥ ಮರ್ಯಾದಸ್ಥರಿಗೂ ಮೊಣಕೈಯಲ್ಲಿ ತಿವಿಯುವುದನ್ನು ಕಲಿಸಿದ್ದವು. ಹಾಜಿರಾರ ಗಂಡ, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಶಫೀವುಲ್ಲಾ ಮಾತ್ರ ಅದೇಕೋ ಉಲ್ಟಾ ಪಾಠ ಕಲಿತಿದ್ದರು. ಅವರ ಹಿಂದಿನ ಡಬ್ಬಿ ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸಿನದು. ಶಫೀವುಲ್ಲಾ ಅವಳ ಡಬ್ಬಿಯನ್ನು ಮುಂದೆ ಎತ್ತಿಟ್ಟು, ತಮ್ಮದನ್ನು ಕಾಲಿನಿಂದ ಹಿಂದಕ್ಕೆ ಸರಿಸಿದರು. ಅವಳ ಡಬ್ಬಿ ತುಂಬಿತು. ಪೀಪಾಯಿ ಬರಿದಾಯಿತು.

"ಅಯ್ಯೋ ಧರ್ಮಾತ್ಮರೇ! ಒಲೆಗೆ ನಿಮ್ಮ ದೊಡ್ಡ ಮನಸ್ಸು ಹಾಕಿ ಉರಿಸ್ಲಾ?" ಹೊಸ ಮದುವಣಗಿತ್ತಿ ಹಾಜಿರಾ ಬೀದಿಯಲ್ಲೇ ರೇಗಿದರು.

"ಕೂಸು ಅಳ್ತಿತ್ತು ಕಣೆ. ಒಂದೇ ಡಬ್ಬಿ ಹಿಂದೆ ಹೋಗಿದ್ದು. ಸಾಲಲ್ಲಿ ಇದೀವಲ್ಲ."

ಅಂದು ಇಬ್ಬರೂ ನೆನೆಸಿದ ಅವಲಕ್ಕಿ ತಿಂದರು. ಆ ಜಗಳವನ್ನು ಹಾಜಿರಾ ಮತ್ತೆ ಬಿಡಲೇ ಇಲ್ಲ. ಕೋವಿಡ್ ಶುರುವಾದಾಗ ಶಫೀವುಲ್ಲಾ ಅಂಗಡಿಯಲ್ಲಿದ್ದ ಕೊನೆಯ ಅಕ್ಕಿ ಮೂಟೆಯನ್ನು ಹಿಂದೆ ನಿಂತವರಿಗೆ ಕೊಟ್ಟು ಬರಿಗೈಲಿ ಬಂದಾಗಲೂ ಸೀಮೆಎಣ್ಣೆ ಡಬ್ಬಿಯ ಮಾತೇ ಬಂತು.

*

ಎರಡನೆಯ ಜನಾಜಾ ಬಂದೇ ಬಿಟ್ಟಿತು. ಹೊತ್ತವರು ಬಿಟ್ಟರೆ ಹೆಚ್ಚು ಜನರಿಲ್ಲ. ಹಿಂದೆ ಕೂಸನ್ನೆತ್ತಿಕೊಂಡ ಒಬ್ಬ ಹುಡುಗಿ.

"ನಾಯಿಲಾ ಅಂತ, ನಿಮ್ಮ ಮೈಸೂರಿನವಳೇ," ಒವೈಸ್ ಪಿಸುಗುಟ್ಟಿದ. "ಹಸ್ಬೆಂಡ್‌ಗೆ ಮೂವತ್ತೊಂದು, ಹಾರ್ಟ್ ಅಟ್ಯಾಕ್. ಅವರ ವೀಸಾ ಮೇಲೇ ಇದ್ಳು. ವಾಪಸ್ ಹೋಗ್ಬೇಕಾಗುತ್ತೆ."

ಗುಂಡಿ ತೋಡುವ ಯಂತ್ರ ಗುರುಗುಟ್ಟುತ್ತಾ ನಿಂತಿತ್ತು. ಚೀಲವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಕೂಸು ಅಳತೊಡಗಿತು.

ನಾಯಿಲಾ ಹತ್ತಿರ ಬಂದಳು. "ಆಂಟಿ, ನೀವು ಇಲ್ಲೇ ಇರ್ತೀರಾ?"

"ಇನ್ನೆಲ್ಲಿಗಮ್ಮ ಹೋಗ್ಲಿ?"

"ನಾನು ಹೋದ್ಮೇಲೆ ಇವರನ್ನ ನೋಡೋಕೆ ಯಾರೂ ಬರಲ್ಲ."

ಹಾಜಿರಾ ಗಂಡನ ಹಸಿ ಮಣ್ಣಿನ ಕಡೆ ತಿರುಗಿ ಸಿಟ್ಟಿನಿಂದ ನೋಡಿದರು. ಹೋಗುವಾಗಲೂ ಹೀಗೆ ಮಾಡಿಯೇ ಹೋದಿರಲ್ಲ! ಆಗ ಬಂತು ಅಳು, ಬೆಳಗಿನಿಂದ ಬಾರದ್ದು.

"ನಾನು ಬರ್ತೀನಿ," ಅಂದರು ಕಣ್ಣೊರೆಸಿಕೊಂಡು. "ಇವರನ್ನ ನೋಡೋಕೆ ಬಂದಾಗ ಅವರನ್ನೂ ನೋಡ್ತೀನಿ. ಕೂಸಿಗೆ ಬಿಸಿಲು ತಾಗ್ತಿದೆ, ನೆರಳಿಗೆ ಹೋಗು."

"ಅಮ್ಮಿ, ನಾನು ಎತ್ಕೋತೀನಿ," ಶಾಹಬಾಜ್ ಚೀಲಕ್ಕೆ ಕೈ ಹಾಕಿದ.

"ಮುಟ್ಬೇಡ."

ಕಲ್ಲನ್ನು ತೆಗೆದು ಪಕ್ಕಕ್ಕೆಸೆದರು. ಬಲಗಾಲಿನಿಂದ ಚೀಲವನ್ನು ಮೆಲ್ಲಗೆ ತಳ್ಳುತ್ತಾ, ತಳ್ಳುತ್ತಾ, ಒಂದು ಜಾಗ ಹಿಂದಕ್ಕೆ ಕೊಂಡೊಯ್ದು ನಿಲ್ಲಿಸಿದರು. ಹಳದಿ ಪುಡಿ ಮುಚ್ಚಿದ ಹುಲ್ಲಿನ ಮೇಲೆ, ಶಫೀವುಲ್ಲಾರ ಮಣ್ಣಿನಿಂದ ಚೀಲದವರೆಗೆ, ಒಂದು ಹಸಿರು ಗೆರೆ ಉಳಿಯಿತು.