ನೀಲಿ ಪಾತ್ರೆಯ ಸೂಪು

ಸಿಸಿಲಿಯಾ ಬೇಕೆಂದೇ ನೀಲಿ ಪಾತ್ರೆಯನ್ನು ಕೆಳಗಿಳಿಸಿದಳು. ಬೇರೆ ಪಾತ್ರೆ ಇರಲಿಲ್ಲವೆಂದಲ್ಲ, ಇನ್ನೂ ಮೂರು ಇದ್ದವು. ಆದರೆ ಆ ಮನೆಯಲ್ಲಿ ಮಾಂಸ ಮುಟ್ಟಿಸದೆ ಎತ್ತಿಟ್ಟಿದ್ದದ್ದು ಅದೊಂದೇ. ಮಹಡಿಯ ಚಿಕ್ಕ ಕೋಣೆಗೆ ಬಾಡಿಗೆಗೆ ಬಂದ ಮೈಸೂರಿನ ಹುಡುಗಿ ಅರ್ಪಿತಾ, ಎರಡು ವರ್ಷದ ಹಿಂದೆ ಸಂಕೋಚದಿಂದ ಕೇಳಿಕೊಂಡಿದ್ದ ಎರಡು ಮಾತುಗಳಲ್ಲಿ ಅದೂ ಒಂದು. ಇನ್ನೊಂದು, ತಾನು ಮನೆಯಲ್ಲಿರುವಾಗ ಬೀಫ್ ಬೇಯಿಸಬಾರದು ಎಂಬುದು. ಆಗ ಅದೇನೂ ಕಷ್ಟವೆನಿಸಿರಲಿಲ್ಲ. ಹುಡುಗಿ ಬೆಳಿಗ್ಗೆ ಈ ಪರದೇಶದ ಊರಂಚಿನ ಕ್ಲಾಂಡಾಲ್ಕಿನ್‌ನಲ್ಲಿ ಬಸ್ಸು ಹತ್ತಿ ಗ್ರ್ಯಾಂಡ್ ಕೆನಾಲ್ ಡಾಕಿನ ಆಫೀಸಿಗೆ ಹೋದರೆ ಬರುವುದು ಸಂಜೆಗೇ. ಈಗ ಲಾಕ್‌ಡೌನಿನಿಂದಾಗಿ ಹತ್ತು ತಿಂಗಳಿಂದ ಅವಳ ಆಫೀಸೂ ಅದೇ ಕೋಣೆ, ಊರೂ ಅದೇ ಕೋಣೆ.

ಈರುಳ್ಳಿ ಕೆಂಪಗಾಯಿತು. ಸಿಸಿಲಿಯಾ ಒಂದು ಪೌಂಡು ಬೀಫ್ ಖೀಮಾವನ್ನು ಸುರಿದು, ಮರದ ಸೌಟಿನಿಂದ ಕುಟ್ಟಿ ಕುಟ್ಟಿ ಪುಡಿ ಮಾಡಿದಳು. ಹೋಗಲಿ ವಾಸನೆ, ಮಹಡಿಯವರೆಗೂ ಹೋಗಲಿ ಎಂದು ಅಡುಗೆಮನೆಯ ಬಾಗಿಲನ್ನೂ ತೆರೆದಿಟ್ಟಳು.

ಸಿಟ್ಟಿಗೆ ಕಾರಣವಿತ್ತು. ಮೂರು ದಿನಗಳಿಂದ ಅವಳು ಎಲ್ಲವನ್ನೂ ನೋಡುತ್ತಲೇ ಇದ್ದಳು. ಅರ್ಪಿತಾ ಕೆಳಗೆ ಬಂದರೆ ಕೈಯಲ್ಲೊಂದು ಸ್ಪ್ರೇ ಬಾಟಲಿ. ಬಾಗಿಲ ಹಿಡಿ, ಮೆಟ್ಟಿಲ ಕಟಕಟೆ, ಕೊನೆಗೆ ಕೆಟಲ್ಲಿನ ಹಿಡಿಯನ್ನೂ ಬಿಡದೆ ಒರೆಸುತ್ತಿದ್ದಳು. ಮುಟ್ಟುವ ಮುಂಚೆ ಒರೆಸುತ್ತಾಳೋ ಮುಟ್ಟಿದ ಮೇಲೆ ಒರೆಸುತ್ತಾಳೋ ಎಂದು ನೋಡುವಷ್ಟು ತಾಳ್ಮೆ ಸಿಸಿಲಿಯಾಳಿಗೆಲ್ಲಿಂದ ಬರಬೇಕು? ತಟ್ಟೆ ಲೋಟವನ್ನೂ ಹುಡುಗಿ ಮೇಲಕ್ಕೊಯ್ದಿದ್ದಳು. ಈ ಜನವರಿಯ ಚಳಿಯಲ್ಲಿ ಮಹಡಿಯ ಕಿಟಕಿ ಹಗಲಿಡೀ ತೆರೆದೇ ಇರುತ್ತಿತ್ತು. ಎಲ್ಲಕ್ಕಿಂತ ಉರಿದದ್ದು ನಿನ್ನೆಯ ಸಂಗತಿ. ಮೆಟ್ಟಿಲ ಬಳಿ ಗಂಡ ಡೆರಿಕ್ ಎದುರಾದಾಗ ಅವಳು ಶಾಲಿನ ತುದಿಯನ್ನು ಮೂಗಿಗೆ ಅಡ್ಡ ಹಿಡಿದು, ಗೋಡೆಗೆ ಅಂಟಿಕೊಂಡು ನಿಂತುಬಿಟ್ಟಿದ್ದಳು.

ನಾವು ಮುಟ್ಟಿದರೆ ಮೈಲಿಗೆಯೋ ಹಾಗಾದರೆ?

ಕ್ರಿಸ್‌ಮಸ್ಸಿನ ಮರುದಿನ, ಅರ್ಪಿತಾ ಕಾಲುವೆ ದಂಡೆಯಲ್ಲಿ ನಡೆಯಲು ಹೋಗಿದ್ದಾಗ, ಸಿಸಿಲಿಯಾ ಒಂದಿಷ್ಟು ಬೀಫ್ ಹುರಿದಿದ್ದುಂಟು. ಗೊತ್ತಾಗಿಬಿಟ್ಟಿದೆ ಅವಳಿಗೆ, ಅದರದ್ದೇ ಸೇಡು ಇದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳೇ ಈ ಸಿಸಿಲಿಯಾ. ತಾನೂ ಅಂಗಡಿಯ ಹಾಲಿನ ಡಬ್ಬವನ್ನು ಡೆಟಾಲಿನಲ್ಲಿ ಒರೆಸದೆ ಒಳಗೆ ತರುತ್ತಿರಲಿಲ್ಲ. ಆದರೆ ತಾನು ಒರೆಸಿದರೆ ರೋಗಕ್ಕೆ ಹೆದರಿ, ಅರ್ಪಿತಾ ಒರೆಸಿದರೆ ಮೈಲಿಗೆಗೆ!

ಹೆದರಲು ಕಾರಣವೂ ಇತ್ತು. ಡೆರಿಕ್‌ಗೆ ಬದಲಿ ಕಿಡ್ನಿ ಹಾಕಿ ಎರಡು ವರ್ಷ. ಅದು ಉಳಿಯಬೇಕಾದರೆ ರೋಗ ತಡೆಯುವ ಮೈಯ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ನುಂಗಬೇಕು. ಈ ರೋಗ ತಗುಲಿದರೆ ಅವನನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ರಕ್ತ ಪರೀಕ್ಷೆಗೆಂದು ಹೋದ ವಾರ ಆಸ್ಪತ್ರೆಗೆ ಹೋಗಿಬಂದದ್ದು ಬಿಟ್ಟರೆ ಅವನು ಹೊಸಿಲು ದಾಟಿರಲಿಲ್ಲ. ಈಗ ಕೆಲವು ದಿನಗಳಿಂದ ಊಟ ಬೇರೆ ಸೇರುತ್ತಿಲ್ಲ. ಈ ಸೂಪಾದರೂ ಎರಡು ಚಮಚ ಹೊಟ್ಟೆಗೆ ಇಳಿದೀತೆಂಬ ಆಸೆ ಅವಳಿಗೆ.

ಕ್ಯಾರೆಟ್, ಆಲೂಗಡ್ಡೆ, ಒಂದು ಹಿಡಿ ಬಾರ್ಲಿ, ಒಂದು ಹಿಡಿ ಮಸೂರ್ ಬೇಳೆ, ಒಂದು ಡಬ್ಬ ಟೊಮೇಟೊ ಬಿದ್ದವು. ಕೊನೆಗೆ ಮಂಗಳೂರಿನಿಂದ ತರಿಸಿದ ಬಾಫಾತ್ ಮಸಾಲೆ ಪುಡಿ, ಎರಡು ಚಮಚ ತುಂಬ. ಮುಕ್ಕಾಲು ಗಂಟೆಯಲ್ಲಿ ಮನೆಯೆಲ್ಲ ಘಮ್ ಎಂದಿತು.

ಮೇಲೆ ಬಾಗಿಲು ತೆರೆಯಿತು. ಸಿಸಿಲಿಯಾ ಸೌಟು ಹಿಡಿದು ಜಗಳಕ್ಕೆ ಸಿದ್ಧಳಾಗಿ ನಿಂತಳು. ಪಕ್ಕದ ಮನೆಯಲ್ಲಿ ಬೇಕನ್ ಹುರಿದರೂ ಇಲ್ಲಿ ಕಿಟಕಿ ಮುಚ್ಚುವ ಮೂಗು ಅರ್ಪಿತಾಳದು. ಅಂಥವಳು ನಿಧಾನವಾಗಿ ಇಳಿದು ಬಂದು, ಕೊನೆಯ ಮೆಟ್ಟಿಲಲ್ಲೇ ನಿಂತು, ಒಲೆಯ ಕಡೆ ನೋಡಿ ಸಣ್ಣಗೆ ನಕ್ಕಳು.

"ಆಂಟಿ, ಬೇಳೆ ಸೂಪಾ? ನೀಲಿ ಪಾತ್ರೆ ಇಟ್ಟಿದ್ದೀರಲ್ಲಾ. ನಿನ್ನೆಯಿಂದ ಏನೂ ತಿಂದಿಲ್ಲ. ಒಂಚೂರು ಕೊಡ್ತೀರಾ?"

ಸಿಸಿಲಿಯಾ ಅವಳ ಮುಖವನ್ನೇ ನೋಡಿದಳು. ಎಷ್ಟು ಜಾಣೆ ನೋಡು! ಎಲ್ಲಾ ಗೊತ್ತಿದ್ದೂ ನನ್ನ ಬಾಯಿಂದಲೇ ಹೊರಡಿಸಲು ನೋಡುತ್ತಿದ್ದಾಳೆ.

"ಹೌದು, ಬೇಳೆಯದ್ದೇ," ಎಂದಳು. "ಎಷ್ಟು ಬೇಕು?"

"ಅಲ್ಲೇ ಮೇಜಿನ ತುದೀಲಿ ಇಡಿ ಆಂಟಿ. ನಾನೇ ತಗೋತೀನಿ."

ಕೈಯಿಂದ ಕೈಗೆ ಕೂಡ ಬೇಡ! ಸಿಸಿಲಿಯಾ ಬಟ್ಟಲು ತುಂಬಿಸಿ, ಕುಕ್ಕಿ ಇಟ್ಟು, ಒಲೆಯ ಬಳಿಗೆ ಸರಿದಳು. ಈಗ ನೋಡುವ, ಎಲ್ಲಿಯವರೆಗೆ ಆಡುತ್ತಾಳೆ ಈ ನಾಟಕ.

ಅರ್ಪಿತಾ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಳು. ಹಬೆಗೆ ಕನ್ನಡಕ ಮಂಜಾಯಿತು. ಬಟ್ಟಲಿಗೆ ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ಚಮಚವನ್ನು ತುಟಿಯ ಹತ್ತಿರ ತಂದು ಊದಿದಳು.

ಇದು ನಾಟಕವಲ್ಲ, ಹುಡುಗಿ ತಿಂದೇಬಿಡುತ್ತಾಳೆ!

"ಬೇಡ! ತಿನ್ಬೇಡ! ಬೀಫ್ ಅದು!" ಎಂದು ಕಿರುಚುತ್ತಾ ಓಡಿದಳು.

ಚಮಚ ಠಣ್ಣೆಂದು ಬಿತ್ತು. ಅರ್ಪಿತಾ ಗಾಬರಿಯಿಂದ ಎರಡು ಮೆಟ್ಟಿಲು ಹಿಂದಕ್ಕೆ ತೆವಳಿದಳು. "ಹತ್ರ ಬರ್ಬೇಡಿ ಆಂಟಿ! ದಮ್ಮಯ್ಯ, ಬರ್ಬೇಡಿ!"

ಶಾಲು ಮತ್ತೆ ಮೂಗಿಗೆ ಬಂದಿತ್ತು. ಸಿಸಿಲಿಯಾ ನಿಂತಲ್ಲೇ ನಿಂತಳು.

"ನಿಂಗೆ ವಾಸನೆ ಬರುದಿಲ್ವಾ?"

ಅರ್ಪಿತಾ ಇಲ್ಲವೆಂದು ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯಿತು. "ಬುಧವಾರದಿಂದ. ಕಾಫಿ ಪುಡಿ ಡಬ್ಬಕ್ಕೆ ಮೂಗಿಟ್ರೂ ಏನೂ ಇಲ್ಲ. ನಾಳೆ ಬೆಳಿಗ್ಗೆ ಟೆಸ್ಟಿಗೆ ಟೈಮ್ ಸಿಕ್ಕಿದೆ. ಹೇಳಿದ್ರೆ ಮನೆ ಬಿಟ್ಟು ಹೋಗು ಅಂತೀರ ಅಂತ ಭಯ ಆಯ್ತು. ಎಲ್ಲಿಗೆ ಹೋಗ್ಲಿ ಆಂಟಿ? ಅಂಕಲ್‌ಗೆ ತಾಗಬಾರ್ದು ಅಂತ ನಾನು ಮುಟ್ಟಿದ್ದನ್ನೆಲ್ಲ ಒರೆಸ್ತಾನೇ ಇದ್ದೆ. ಕಿಟಕಿನೂ ಅದಕ್ಕೇ ತೆಗೆದಿಟ್ಟಿದ್ದು."

ಸಿಸಿಲಿಯಾಳಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೋಪ. "ಮೂರು ದಿನ ಬಾಯಿ ಮುಚ್ಚಿ ಕೂತದ್ದಾ? ನನ್ನ ಗಂಡನ ಜೀವ ತೆಗಿಲಿಕ್ಕುಂಟಾ ನಿಂಗೆ?"

ಅರ್ಪಿತಾ ಎದ್ದು, ಗೋಡೆ ಹಿಡಿದುಕೊಂಡು ಮೇಲೆ ಹೋದಳು. ಬಾಗಿಲು ಮುಚ್ಚಿದ ಸದ್ದಾಯಿತು. ಸಿಸಿಲಿಯಾ ನೆಲ ಒರೆಸಿ, ಎರಡು ಸಲ ಕೈ ತೊಳೆದಳು. ಹೋಗಬೇಕು, ಇವತ್ತೇ ಹೋಗಬೇಕು ಅವಳು. ಎಲ್ಲಿಗೆ ಬೇಕಾದರೂ ಹೋಗಲಿ. ಹಾಗೆಂದು ನಿಶ್ಚಯಿಸಿಕೊಂಡೇ ಡೆರಿಕ್‌ನ ಬಟ್ಟಲನ್ನು ಮುಂದಿನ ಕೋಣೆಗೆ ಒಯ್ದಳು.

"ಎಂತ ಬೊಬ್ಬೆ ಅದು, ಸಿಸಿಲ್?" ಡೆರಿಕ್ ಹೊದ್ದುಕೊಂಡೇ ಎದ್ದು ಕುಳಿತ.

"ಮೊದ್ಲು ತಿನ್ನಿ. ಆಮೇಲೆ ಹೇಳ್ತೇನೆ."

ಅವನು ಒಂದು ಚಮಚ ನುಂಗಿದ. ಹೆಂಡತಿಗೆ ಬೇಜಾರಾಗಬಾರದೆಂದು ಇನ್ನೊಂದು ನುಂಗಿದ. ಆಮೇಲೆ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಅವಳ ಕಡೆ ನೋಡಿದ.

"ಬಾಫಾತ್ ಹಾಕ್ಲಿಕ್ಕೆ ಮರ್ತು ಹೋಯ್ತಾ? ಪರಿಮಳವೇ ಇಲ್ಲ."

ಕಿಟಕಿಯ ಪರದೆಗೂ ಬಾಫಾತಿನ ವಾಸನೆ ಹತ್ತಿತ್ತು. ಸಿಸಿಲಿಯಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಎಷ್ಟು ದಿನ ಆಯ್ತು, ಹೀಗೆ?"

"ಸೋಮವಾರದಿಂದ ಹೇಳ್ತಾ ಇದ್ದೇನಲ್ಲ, ಯಾವುದಕ್ಕೂ ರುಚಿ ಇಲ್ಲ ಅಂತ. ಮಾತ್ರೆದು ಅಂತ ನೀನೇ ಹೇಳಿದ್ದು. ಬೇರೆ ಎಂತದೂ ಇಲ್ಲ ಮಾರಾಯ್ತಿ, ಇಲ್ಲಿಯವರು ಹೇಳುವ ಹಾಗೆ ನಾನು ಗ್ರ್ಯಾಂಡ್ ಇದ್ದೇನೆ, ಆರಾಮ."

ಆಸ್ಪತ್ರೆಗೆ ಹೋದದ್ದು ಹೋದ ವಾರ, ಗುರುವಾರ. ಇವನಿಗೆ ಸೋಮವಾರ. ಮೇಲಿನವಳಿಗೆ ಬುಧವಾರ. ಸಿಸಿಲಿಯಾ ಬೆರಳು ಮಡಿಸಿದಳು, ಬಿಡಿಸಿ ಇನ್ನೊಮ್ಮೆ ಮಡಿಸಿದಳು. ಯೇಸುವೇ, ಇವನಿಂದಲೇ ಅವಳಿಗೆ ತಾಗಿದ್ದು! ಮೂರು ದಿನ ಯಾರನ್ನು ಅನುಮಾನಿಸಿದೆ ನಾನು!

ಅವನ ಹಣೆ ಮುಟ್ಟಿದಳು. ಬಿಸಿಯಾಗಿತ್ತು. ಆಸ್ಪತ್ರೆಯ ಕಿಡ್ನಿ ವಾರ್ಡಿನ ನಂಬರಿಗೆ ಫೋನು ಮಾಡಿದಳು. ಆ ಕಡೆಯ ನರ್ಸು ಎಲ್ಲವನ್ನೂ ಬರೆದುಕೊಂಡು, ಆಂಬುಲೆನ್ಸ್ ಕಳಿಸುತ್ತೇವೆ, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದಳು.

"ನಮ್ಮ ಹುಡುಗಿ ಒಬ್ಳಿದ್ದಾಳೆ. ಅವಳಿಗೂ ಹುಷಾರಿಲ್ಲ," ಎಂದು ಸಿಸಿಲಿಯಾ ಇಂಗ್ಲಿಷಿನಲ್ಲಿ ಹೇಳಿದಳು.

ಡೆರಿಕ್‌ನ ಚೀಲಕ್ಕೆ ಮಾತ್ರೆ, ಪೈಜಾಮ, ಜಪಮಾಲೆ ತುಂಬಿಸಿದಳು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಅರ್ಪಿತಾಳ ಕಪಾಟಿನಿಂದ ಅವಳದೇ ಸ್ಟೀಲ್ ಪಾತ್ರೆ ತೆಗೆದು, ಅವಳದೇ ಡಬ್ಬದ ಪುಡಿ ಹಾಕಿ ಸಾರು ಕುದಿಸಿದಳು. ಮೆತ್ತಗಿನ ಅನ್ನಕ್ಕೆ ಅದನ್ನು ಸುರಿದು, ಬಟ್ಟಲು ಹಿಡಿದು ಮೆಟ್ಟಿಲು ಹತ್ತಿದಳು.

ಸ್ಪ್ರೇ ಬಾಟಲಿ ಕೋಣೆಯ ಹೊರಗೇ ಇತ್ತು. ಸಿಸಿಲಿಯಾ ಬಟ್ಟಲನ್ನು ನೆಲದ ಮೇಲಿಟ್ಟು ಬಾಗಿಲು ತಟ್ಟಿದಳು. ತಾನು ಮುಟ್ಟಿದ ಜಾಗವನ್ನೂ, ಬಟ್ಟಲಿನ ಅಂಚನ್ನೂ ಒರೆಸಿದಳು. ಆಮೇಲೆ ತನ್ನ ಶಾಲಿನ ತುದಿಯನ್ನು ಮೂಗಿಗೆ ಅಡ್ಡ ಹಿಡಿದು, ಗೋಡೆಗೆ ಅಂಟಿಕೊಂಡು ನಿಂತಳು.

"ಬಾಗಿಲು ತೆಗಿ ಮಗಾ," ಎಂದಳು.