ಮಂದವಾದ ಚುಕ್ಕಿಗಳು

ಯಾರದೋ ಒದ್ದೆ ಚಪ್ಪಲಿ ಚರಕ್ ಚರಕ್ ಎಂದು ನನ್ನ ಮುಂದೆಯೇ ದಾಟಿತು, ಆಸ್ಪತ್ರೆಯ ನೆಲ ಈಗಷ್ಟೇ ಒರೆಸಿರಬೇಕು, ಔಷಧಿ ವಾಸನೆ, ಪಕ್ಕದಲ್ಲಿ ಇವರು ಮಾತಿಲ್ಲದೆ ಕುಳಿತಿದ್ದಾರೆ — ಇವರು ಮಾತು ಬಿಟ್ಟರೆಂದರೆ ಹೆದರಿದ್ದಾರೆ ಎಂದೇ ಅರ್ಥ, ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯದೇ — ಬಲಗೈ ಮತ್ತೆ ಜುಮ್ಮೆನ್ನುತ್ತಿದೆ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಒಳಗೆ ಇರುವೆ ಸಾಲುಗಟ್ಟಿ ಹೊರಟ ಹಾಗೆ, ಕೊಡವಿದೆ, ಏನಾಯ್ತೇ ಅಂದರು, ಏನಿಲ್ಲ ರೀ, ಸೊಳ್ಳೆ, ಸುಳ್ಳು, ಸುಳ್ಳೆಂದು ಇವರಿಗೂ ಗೊತ್ತು. ಹೆಬ್ಬೆರಳು ಬೇಕಾದರೆ ಹೋಗಲಿ, ನಡುಬೆರಳೂ ಹೋಗಲಿ, ತೋರುಬೆರಳೊಂದು ಉಳಿಯಲಿ, ಹುಟ್ಟುಕುರುಡಿಗೆ ಅದೇ ಕಣ್ಣು, ಅದರಲ್ಲೇ ಅನ್ನ: ಮುದ್ರಣಾಲಯದಲ್ಲಿ ಇವರು ಯಂತ್ರ ನಡೆಸಿ ಬ್ರೈಲ್ ಹಾಳೆ ಒತ್ತುತ್ತಾರೆ, ದಪ್ಪ ಕಾಗದದ ಮೇಲೆ ಚುಕ್ಕಿಗಳು ಉಬ್ಬಿ ಬರುತ್ತವೆ, ನಾನು ಬೆರಳಾಡಿಸಿ ತಪ್ಪು ಹುಡುಕುತ್ತೇನೆ, ನನ್ನ ತಪ್ಪು ಹಿಡಿಯೋದಕ್ಕೆ ಇವಳಿಗೆ ಸಂಬಳ ಕೊಡ್ತಾರೆ, ಮನೇಲಿ ಅದನ್ನೇ ಪುಕ್ಕಟೆ ಮಾಡ್ತಾಳೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ಚುಕ್ಕಿ ಮಂದವಾದಾಗ ನಾನು ಬೆರಳನ್ನು ಅನುಮಾನಿಸಲೇ ಇಲ್ಲ, ಯಂತ್ರವನ್ನು ಬೈದೆ, ಒತ್ತು ಸಾಲದು ರೀ, ಕುರುಡು ಶಾಲೆ ಮಕ್ಕಳು ಓದೋದು ಹೇಗೆ, ಕಣ್ಣಿಗೆ ಚೆನ್ನಾಗೇ ಕಾಣ್ತಿದೆಯಲ್ಲೇ, ಪುಸ್ತಕ ಕಣ್ಣಿಗಲ್ಲ ಬೆರಳಿಗೆ, ಅಂದದ್ದೇ ತಡ ಇವರು ತಿರುಪು ಬಿಗಿ ಮಾಡಿದರು, ಮರುದಿನ ಇನ್ನಷ್ಟು, ನಿಮಗೂ ನಿಮ್ಮ ಯಂತ್ರಕ್ಕೂ ವಯಸ್ಸಾಯ್ತು ಎಂದೆ, ತಿರುಪನ್ನು ಇನ್ನೊಂದು ಸುತ್ತು ತಿರುಗಿಸಿದರು — ನಿನ್ನೆ ಒಂದು ಹಾಳೆ ತಂದು ನನ್ನ ಬೆರಳನ್ನು ಹಿಡಿದು ಅದರ ಮೇಲಿಟ್ಟರು, ಇದು ಹೇಗಿದೆ, ಇನ್ನೂ ಮಂದ ರೀ, ನಿಜವಾಗ್ಲೂ ಮಂದವಾ, ನಾನೇನು ಸುಳ್ಳು ಹೇಳ್ತೀನಾ, ಇವರು ನನ್ನ ಎಡಗೈ ಎತ್ತಿ ಅದೇ ಜಾಗದಲ್ಲಿಟ್ಟರು, ತೂತು, ಸಾಲಿಗೆ ಸಾಲೇ ತೂತು, ಯಂತ್ರ ಕಾಗದವನ್ನೇ ಹರಿದು ಹಾಕಿತ್ತು, ಅದರ ಅಂಚು ಎಡಗೈಗೆ ಮುಳ್ಳಿನಂತೆ ಚುಚ್ಚಿತು, ಬಲಗೈ ಅದನ್ನು ಮಂದ ಅಂದಿತ್ತು, ಬಾರೇ, ನಾಳೆ ಡಾಕ್ಟರ ಹತ್ರ ಹೋಗೋಣ, ಇಷ್ಟೇ ಹೇಳಿದ್ದು, ಬೈದಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ.

ಹೆಸರು ಕರೆದರು, ಇವರ ಮೊಣಕೈ ಹಿಡಿದು ಒಳಗೆ, ಕುರ್ಚಿ, ಡಾಕ್ಟರಮ್ಮನ ದನಿ ಎಳೆಯದು, ದಿಢೀರಂತ ಬಂತಾ ಮೆಲ್ಲಗೆ ಬಂತಾ, ಮೆಲ್ಲಗೆ, ರಾತ್ರಿ ಜಾಸ್ತಿನಾ, ಹೌದು, ಕೊಡವಿದ್ರೆ ಕಡಿಮೆ ಆಗುತ್ತಾ, ಅಯ್ಯೋ ಇವಳಿಗೆ ಹೇಗೆ ಗೊತ್ತಾಯಿತು, ಸಕ್ಕರೆ, ಥೈರಾಯ್ಡ್, ವಿಟಮಿನ್ ಬಿ ಹನ್ನೆರಡು, ರಕ್ತ ಪರೀಕ್ಷೆ ಮಾಡಿಸಿ, ಮಣಿಕಟ್ಟಿನಲ್ಲಿ ನರ ಅಮುಕಿಕೊಂಡಿರಬಹುದು, ಬೇಗ ಬಂದ್ರೆ ಎಷ್ಟೋ ಜನಕ್ಕೆ ರಾತ್ರಿ ಪಟ್ಟಿ ಕಟ್ಟಿಕೊಂಡ್ರೆ ಸಾಕು, ತೀರಾ ತಡವಾದ್ರೆ ಸ್ಪರ್ಶ ಪೂರ್ತಿ ವಾಪಸ್ ಬರದೇ ಇರಬಹುದು — ತಡ ಅಂದರೆ ಎಷ್ಟು, ತಿರುಪಿನ ಎಷ್ಟು ಸುತ್ತು — ಮುಖ ಸೊಟ್ಟಗಾಗಿ, ಮಾತು ತೊದಲಿ, ಲಕ್ವ ಹೊಡೆದ ಹಾಗೆ ಒಂದು ಮಗ್ಗುಲು ದಿಢೀರಂತ ಮರಗಟ್ಟಿದ್ರೆ ಮಾತ್ರ ಒಂದು ಗಳಿಗೆನೂ ಕಾಯಬಾರದು, ಆಂಬುಲೆನ್ಸ್ ಕರೀಬೇಕು, ಹಾಗೇನಾದ್ರೂ ಆಗಿತ್ತಾ, ನಾನು ಬಾಯಿ ತೆರೆಯುವ ಮೊದಲೇ ಇವರು, ಇಲ್ಲ ಡಾಕ್ಟರೇ, ರಾತ್ರಿ ಯಾಕೆ ಕೈ ಕೊಡವ್ತೀಯ ಅಂತ ಕೇಳಿದ್ರೆ ಕೈ ಮೇಲೆ ಮಲಗಿದ್ದೆ ಅಂತಾಳೆ, ಅದಕ್ಕೇ ದಿನಾ ಬೆಳಿಗ್ಗೆ ನಗಿಸಿ ನೋಡ್ತೀನಿ, ಬಾಯಿ ನೆಟ್ಟಗಿದೆ, ಕೈ ಎರಡೂ ಸಮನಾಗಿ ಎತ್ತುತ್ತಾಳೆ — ಅದಕ್ಕಾ, ಅದಕ್ಕಾ ಕಾಫಿ ಲೋಟ ಕೊಡುವ ಮೊದಲು ಒಂದ್ಸಲ ನಗೇ ನೋಡೋಣ ಅನ್ನುತ್ತಿದ್ದದ್ದು, ಎರಡೂ ಕೈ ಚಾಚೇ ತಬ್ಬಿಕೊಳ್ತೀನಿ ಅನ್ನುತ್ತಿದ್ದದ್ದು, ಈ ವಯಸ್ಸಿನಲ್ಲಿ ಇವರಿಗೆ ಪ್ರೇಮ ಉಕ್ಕಿ ಹರಿಯುತ್ತಿದೆ ಎಂದು ನಾಚಿ ನೀರಾಗಿದ್ದೆನಲ್ಲ, ಒಬ್ಬರೇ ಎಷ್ಟು ಬೆಳಗು ಹೆದರಿಕೊಂಡು ನನ್ನ ಬಾಯಿ ನೋಡಿದರೋ, ನನ್ನಪ್ಪ, ಇದಕ್ಕಿಂತ ಪ್ರೇಮ ಇನ್ನೇನಿದೆ.

ಕೈ ಚಾಚಿ ಅಮ್ಮ, ಸೂಜಿ ತಾಗಿಸ್ತೀನಿ, ಗೊತ್ತಾದಾಗ ಹೇಳಿ, ಕಿರುಬೆರಳು, ಆಂ, ಗೊತ್ತಾಯ್ತು, ಉಂಗುರದ ಬೆರಳು, ಆಚೆ ಮಗ್ಗುಲು ಚೆನ್ನಾಗಿ, ಈಚೆ ಮಗ್ಗುಲು ಮಂದ, ನಡುಬೆರಳು, ಬಟ್ಟೆ ಸುತ್ತಿದ ಹಾಗೆ, ಈಗ ಅದು, ತೋರುಬೆರಳು, ಕಾಯುತ್ತೇನೆ, ಇವರ ಕುರ್ಚಿ ಹತ್ತಿರ ಸರಿಯಿತು, ಚುಚ್ಚಿ ಡಾಕ್ಟರೇ, ನಾನೇನೂ ಹೆದರಲ್ಲ, ಚುಚ್ಚಿ — ಚುಚ್ಚಿದೀನಮ್ಮ — ಇಲ್ಲ, ಇನ್ನೊಂದು ಸಲ, ಇವರ ಕೈ ನನ್ನ ಹೆಗಲ ಮೇಲೆ, ಇನ್ನೊಂದು ಸಲ, ತುದಿಯಲ್ಲಿ, ಓದುವ ಜಾಗದಲ್ಲಿ, ತಡೀರಿ, ಅಲ್ಲಿ, ಅಲ್ಲೇನೋ, ಒಂದು ಚುಕ್ಕಿ, ತುಂಬಾ ದೂರದಲ್ಲಿ, ಇದೆಯೋ ನನ್ನ ಆಸೆಯೋ, ರೀ, ಈಗ ಚುಚ್ಚಿದ್ರಾ, ಹೌದು ಕಣೇ, ಈಗಲೇ, ಈಗಲೇ, ಒಂದು ಚುಕ್ಕಿ, ಸೂಜಿ ತೆಗೀಬೇಡಿ ಡಾಕ್ಟರೇ, ಅಲ್ಲೇ ಇರಲಿ, ಒಂದು ಚುಕ್ಕಿ