ಜಾರಿದ ಜಠರಕ್ಕೊಂದು ಬೆಲ್ಟು

ಬೆನ್ನಿಗೆ ತಣ್ಣಗೆ ಏನೋ ತಾಗಿತು, ಕೊಂಡಿಯೇ ಇರಬೇಕು, ಹೊಸ ಎಲಾಸ್ಟಿಕ್ಕಿನ ವಾಸನೆ, ಉಸಿರು ಎಳ್ಕೊಳ್ಳಿ ಅಮ್ಮಾ, ಎಳೆದುಕೊಂಡೆ, ಬೆಲ್ಟಿನ ಅಂಗಡಿಯಾಕೆಯ ಕೈ ಗಟ್ಟಿ, ಪರದೆಯಾಚೆ ಬೆಂಚಿನ ಮೇಲೆ ಇವರು ಕೆಮ್ಮುತ್ತಾರೆ, ಶೀತದ ಕೆಮ್ಮಲ್ಲ, ಬೇಜಾರಿನದು, ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ತಿಳಿಯದೇ — ಸೀಮೆಸುಣ್ಣ ಕಲಸಿದಂಥ ನೀರು ಕುಡಿಸಿ ಎಕ್ಸ್‌ರೇ ತೆಗೆದ ದಿನವೂ ಹೀಗೇ ಕೆಮ್ಮಿದ್ದರು, ನೋಡಿ, ನಿಮ್ಮ ಜಠರ ಇರಬೇಕಾದ ಜಾಗದಲ್ಲಿಲ್ಲ, ಸೊಂಟದ ತನಕ ಇಳಿದುಬಿಟ್ಟಿದೆ ಎಂದರು ಡಾಕ್ಟರು, ಇಳಿಯದೆ ಏನು ಮಾಡೀತು, ಮೂರು ಹೆತ್ತು, ದಿನವಿಡೀ ಇಸ್ತ್ರಿ ಮೇಜಿನ ಮುಂದೆ ನಿಂತು, ಹಿಡಿದಿಡಲು ಮೈಯಲ್ಲಿ ಮಾಂಸವಾದರೂ ಎಲ್ಲಿದೆ, ಎರಡು ತುತ್ತು ಉಂಡರೆ ಒಳಗೆ ಕಲ್ಲು ಜೋತುಬಿದ್ದ ಹಾಗೆ, ಬನ್ನಿ ಯಜಮಾನರೆ, ಹಿಂದೆ ನಿಂತು ಎರಡೂ ಕೈಯಿಂದ ಕಿಬ್ಬೊಟ್ಟೆ ಮೇಲಕ್ಕೆತ್ತಿ, ನೋಡೋಣ ಎಂದು ಡಾಕ್ಟರು ಇವರನ್ನು ಕರೆದರು, ಪಾಪ, ಕಿವಿಯವರೆಗೂ ಕೆಂಪಾದರು, ಗಾಜಿನಂಗಡಿಯ ಮನುಷ್ಯ, ಕಿಟಕಿ ಗಾಜು ಎತ್ತುವ ಹಾಗೇ ಎತ್ತಿದರು, ಬೆರಳೂರದೆ, ಅಂಗೈ ಅಗಲಿಸಿ, ಅಡಿಯಿಂದ, ಅಯ್ಯಪ್ಪಾ, ಎಂಥ ಹಿತ, ಈಗಲೂ ನೆನೆದರೆ ಕಣ್ಣು ಮುಚ್ಚುತ್ತದೆ.

ಬೆಲ್ಟ್ ಬರೋ ತನಕ ಊಟ ಆದ್ಮೇಲೆ ದಿನಾ ಹೀಗೇ ಮಾಡಿ ಎಂದಿದ್ದರು ಡಾಕ್ಟರು, ಔಷಧಿ ತಪ್ಪಿದರೂ ಇದು ತಪ್ಪಲಿಲ್ಲ, ತಟ್ಟೆ ಎತ್ತಿಟ್ಟು ಕೈ ಒರೆಸಿಕೊಂಡು ನನ್ನ ಹಿಂದೆ ಬಂದು ನಿಲ್ಲುತ್ತಾರೆ, ತುಟಿ ಬಿಚ್ಚದ ಮನುಷ್ಯ, ಮುಖ ಕಾಣುವುದಿಲ್ಲವೆಂಬ ಧೈರ್ಯಕ್ಕೋ ಏನೋ ಕತ್ತಿನ ಹಿಂದೆ ಮಾತೇ ಮಾತು, ಇವತ್ತು ದೊಡ್ಡ ಕನ್ನಡಿಯೊಂದು ಸೀಳು ಬಿಡ್ತು ಕಣೇ, ಆ ನೀಲಿ ಸೀರೆ ಯಾಕೆ ಉಡೋದು ಬಿಟ್ಟೆ, ಚೆನ್ನಾಗಿ ಕಾಣ್ತಿದ್ದೆ, ಆಗ ಹೇಳಲು ಏನಾಗಿತ್ತು ಈ ಮಹಾರಾಯರಿಗೆ, ಒಮ್ಮೆ ಸೊಸೆ ನೀರಿಗೆಂದು ಬಂದವಳು, ಆಮೇಲೆ ಬರ್ತೀನಿ ಅತ್ತೆ ಎಂದು ಬಾಯಿಗೆ ಸೆರಗಿಟ್ಟುಕೊಂಡು ಓಡಿದಳು, ಓಡಲಿ, ನಾನಂತೂ ಅಲುಗಲಿಲ್ಲ — ಇನ್ನು ಈ ಬೆಲ್ಟು ಬಂದರೆ ಅದೂ ಮುಗಿಯಿತು, ನೆಪವಿಲ್ಲದೆ ಅವರು ಬರುವವರಲ್ಲ, ನಾನು ಬಾಯಿಬಿಟ್ಟು ಕರೆಯುವವಳಲ್ಲ, ಹೇಗಿದೆ ಅಮ್ಮಾ, ಅಂಗಡಿಯಾಕೆ ಕೇಳುತ್ತಿದ್ದಾಳೆ, ಹೇಗಿರುವುದು, ಹಾಳಾದ್ದು ಚೆನ್ನಾಗಿಯೇ ಇದೆ, ಹೊಟ್ಟೆ ಹಗುರ, ಸಡಿಲ ಅಂದುಬಿಡಲೇ, ಚುಚ್ಚುತ್ತೆ ಅನ್ನಲೇ, ಅಷ್ಟರಲ್ಲಿ ಆಕೆ ಪರದೆ ಸರಿಸಿ, ಯಜಮಾನರೆ, ಸರಿಯಾಗಿ ಎತ್ತಿ ಹಿಡಿದಿದ್ಯಾ ನೋಡಿ, ಬಂದರು, ಹಿಂದೆ ನಿಂತರು, ಕೈಗಳು ತಾವಾಗಿಯೇ ಅಡಿಗೆ ಹೋದವು, ಎತ್ತಲು ಏನೂ ಉಳಿದಿಲ್ಲ, ಚೆನ್ನಾಗಿದೆ ಎಂದರು, ಆಮೇಲೆ ಒಮ್ಮೆ ಕೆಮ್ಮಿ, ಊಟ ಆದ್ಮೇಲೆ ಸ್ವಲ್ಪ ಹೊತ್ತು ಬಿಚ್ಚಿಡಬಹುದಾ, ಬಿಚ್ಚಿದ್ರೆ ಮತ್ತೆ ಇಳಿಯುತ್ತಲ್ಲ ಯಜಮಾನರೆ, ಇಳೀಲಿ ಬಿಡಿ, ನಾನು ಹಿಡ್ಕೋತೀನಿ ಎಂದರು, ನಾನು ಎದುರಿನ ಕನ್ನಡಿಯಲ್ಲಿ ಅವರ ಮುಖ ಹುಡುಕಿದೆ, ನನ್ನ ಭುಜದ ಹಿಂದೆ ಬಚ್ಚಿಟ್ಟುಕೊಂಡಿದ್ದಾರೆ, ಕಾಣುವುದು ಕೈ ಮಾತ್ರ, ಬೆಲ್ಟಿನ ಕೆಳಗೆ, ಭಾರವೇನೂ ಇಲ್ಲದೆ, ಇನ್ನೂ ತೆಗೆಯದೆ, ಅಗಲಿಸಿದ ಆ ಎರಡು ಅಂಗೈ, ಆ ಎರಡು ಅಂಗೈ —